ವಿವಾಹ, ಪೌರತ್ವ ಮತ್ತು ವೀಸಾ: ಒಂದು ಚಾರಿತ್ರಿಕ ಅವಲೋಕನ



ದೋಹಾ ನಗರದ ವಾಯುವ್ಯ ಭಾಗದಲ್ಲಿ, ಅಲ್ ರಯ್ಯಾನ್ ಪೌರಾಡಳಿತಕ್ಕೆ ಸೇರಿದ ಅಲ್ ಗರಾಫಾದಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ವೀಸಾ ಎಂಬುದು ಹೊಸ ಶಬ್ದವಲ್ಲ. ಉದ್ಯೋಗ, ಮನೆಬಾಡಿಗೆ, ಮಕ್ಕಳ ಶಾಲೆ ಎಲ್ಲವೂ ನಿವಾಸ ಪರವಾನಗಿಯ ಅವಧಿಯನ್ನೇ ಅವಲಂಬಿಸಿವೆ. ಆದರೆ ನಮ್ಮ ಮಕ್ಕಳು ಬೆಳೆದು, ಬೇರೆ ದೇಶದ ಪೌರರನ್ನು ಬಾಳಸಂಗಾತಿಯಾಗಿ ಆರಿಸಿಕೊಳ್ಳುವ ಕಾಲ ಬಂದಾಗ ಹೊಸದೊಂದು ಪ್ರಶ್ನೆ ಏಳುತ್ತದೆ. ಒಬ್ಬರದು ಭಾರತದ ಪಾಸ್‌ಪೋರ್ಟ್, ಇನ್ನೊಬ್ಬರದು ಫಿಲಿಪ್ಪೀನ್ಸ್, ಶ್ರೀಲಂಕಾ, ಬ್ರಿಟನ್ ಅಥವಾ ಅಮೆರಿಕದ್ದು. ವಾಸ ಮೂರನೆಯ ದೇಶವಾದ ಕತಾರಿನಲ್ಲಿ. ಇಂಥ ದಂಪತಿ ಯಾವ ದೇಶದ ಯಾವ ವೀಸಾವನ್ನು ಪಡೆಯಬೇಕು? ಈ ಪ್ರಶ್ನೆಗೆ ಇಂದು ನಿಯಮಾವಳಿಗಳು ಉತ್ತರ ಕೊಡುತ್ತವೆ. ಆದರೆ ಆ ನಿಯಮಗಳು ಹೀಗೇಕೆ ರೂಪುಗೊಂಡವು ಎಂಬುದನ್ನು ಚರಿತ್ರೆಯೇ ಹೇಳಬೇಕು. ಆ ಚರಿತ್ರೆಯಲ್ಲಿ ಕನ್ನಡ ನಾಡಿನವರೂ ಇದ್ದಾರೆ.

ವೀಸಾ ಇಲ್ಲದ ಕಾಲ

ಕನ್ನಡ ನಾಡಿನ ಹೆಣ್ಣುಮಗಳೊಬ್ಬಳು ಯುರೋಪಿನಲ್ಲಿ ವಿವಾಹವಾದ ಪ್ರಸಿದ್ಧ ನಿದರ್ಶನ ಕೊಡಗಿನ ಗೌರಮ್ಮನದು. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ವಶವಾದ ಮೇಲೆ ಪದಚ್ಯುತನಾದ ಚಿಕ್ಕವೀರರಾಜೇಂದ್ರ ಕಾಶಿಯಲ್ಲಿ ಇರಬೇಕಾಯಿತು. 1852ರಲ್ಲಿ ಆತ ಮಗಳೊಡನೆ ಇಂಗ್ಲೆಂಡಿಗೆ ಹೋದ. ಅದೇ ವರ್ಷ ಗೌರಮ್ಮ ಕ್ರೈಸ್ತ ದೀಕ್ಷೆ ಪಡೆದಳು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. 1860ರಲ್ಲಿ ಗೌರಮ್ಮ ಜಾನ್ ಕ್ಯಾಂಪ್‌ಬೆಲ್ ಎಂಬ ಸೇನಾಧಿಕಾರಿಯನ್ನು ವರಿಸಿದಳು, 1864ರಲ್ಲಿ ಎಳೆಯ ಮಗಳನ್ನು ಬಿಟ್ಟು ತೀರಿಕೊಂಡಳು.

ಈ ಕಥೆಯಲ್ಲಿ ಅರಮನೆಯಿದೆ, ಧರ್ಮಾಂತರವಿದೆ, ಆಸ್ತಿಯ ವ್ಯಾಜ್ಯವಿದೆ. ವೀಸಾ ಮಾತ್ರ ಇಲ್ಲ. ಕೊಡಗು ಬ್ರಿಟಿಷ್ ಆಳ್ವಿಕೆಗೆ ಒಳಪಟ್ಟಿದ್ದುದರಿಂದ ವಧೂವರರಿಬ್ಬರೂ ಒಂದೇ ಸಾಮ್ರಾಜ್ಯದ ಪ್ರಜೆಗಳಾಗಿದ್ದರು. ಅಂದು ಗಡಿ ದಾಟಲು ಬೇಕಾದುದು ಹಣ ಮತ್ತು ಅನುಮತಿ, ಮುದ್ರೆಯೊತ್ತಿದ ಪುಸ್ತಕವಲ್ಲ. ಭಾರತಕ್ಕೆ ಬರುವವರು ಪಾಸ್‌ಪೋರ್ಟ್ ಹೊಂದಿರಬೇಕೆಂಬ ಕಟ್ಟಳೆ ಶಾಸನರೂಪ ತಾಳಿದ್ದು ಮೊದಲ ಮಹಾಯುದ್ಧದ ನಂತರ, 1920ರ ಕಾಯಿದೆಯಿಂದ.

ಗಂಡನ ದೇಶವೇ ಹೆಂಡತಿಯ ದೇಶ

ವೀಸಾಕ್ಕಿಂತ ಮೊದಲೇ ವಿವಾಹಿತ ಸ್ತ್ರೀಯನ್ನು ಕಟ್ಟಿಹಾಕಿದ್ದು ಪೌರತ್ವದ ಕಾನೂನು. ಬ್ರಿಟನ್ನಿನ 1870ರ ಕಾಯಿದೆ ಮತ್ತು ಅದರ ಮುಂದುವರಿಕೆಯಾದ 1914ರ ಕಾಯಿದೆಯ ಪ್ರಕಾರ ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ವಿದೇಶೀ ಸ್ತ್ರೀ ತಾನೂ ಬ್ರಿಟಿಷ್ ಪ್ರಜೆಯೆನಿಸುತ್ತಿದ್ದಳು. ವಿದೇಶೀಯನನ್ನು ಮದುವೆಯಾದ ಬ್ರಿಟಿಷ್ ಸ್ತ್ರೀ ಪರದೇಶದವಳಾಗುತ್ತಿದ್ದಳು. ಆಕೆಯ ಇಷ್ಟಾನಿಷ್ಟಗಳನ್ನು ಯಾರೂ ಕೇಳುತ್ತಿರಲಿಲ್ಲ.

ಕನ್ನಡಿಗರ ಮಟ್ಟಿಗೆ ಈ ಕಾನೂನಿನಲ್ಲಿ ಇನ್ನೊಂದು ತೊಡಕಿತ್ತು. ಮಂಗಳೂರು, ಕಾಸರಗೋಡು, ಬಳ್ಳಾರಿಗಳು ಮದರಾಸು ಪ್ರಾಂತದಲ್ಲಿಯೂ, ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ಪ್ರಾಂತದಲ್ಲಿಯೂ ಇದ್ದುವು. ಅಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು. ಮೈಸೂರು ಸಂಸ್ಥಾನದಲ್ಲಿ ಅಥವಾ ನಿಜಾಮರ ರಾಯಚೂರು, ಕಲಬುರಗಿ, ಬೀದರ್‌ಗಳಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳಲ್ಲ, ಕೇವಲ ‘ಬ್ರಿಟಿಷ್ ರಕ್ಷಿತ ವ್ಯಕ್ತಿಗಳು’. ಹೀಗಾಗಿ ಒಂದೇ ಭಾಷೆಯಾಡುವ ಇಬ್ಬರು ತರುಣರು ಯುರೋಪಿನಲ್ಲಿ ವಿವಾಹವಾದರೆ, ಮಂಗಳೂರಿನವನ ಪತ್ನಿ ತಾನಾಗಿಯೇ ಬ್ರಿಟಿಷ್ ಪ್ರಜೆಯಾಗುವಳು. ಮೈಸೂರಿನವನ ಪತ್ನಿಗೆ ಆ ನಿಯಮ ಅನ್ವಯಿಸದು.

ಹಾಸನದಲ್ಲಿ 1908ರಲ್ಲಿ ಜನಿಸಿದ ಲೇಖಕ ರಾಜಾ ರಾವ್ ಈ ಎರಡನೆಯ ವರ್ಗಕ್ಕೆ ಸೇರಿದವರು. ಅವರ ಆರಂಭದ ಕೆಲವು ಬರಹಗಳು ಕನ್ನಡದಲ್ಲಿ, ಧಾರವಾಡದ ‘ಜಯ ಕರ್ನಾಟಕ’ದಲ್ಲಿ ಪ್ರಕಟವಾಗಿದ್ದವು. 1929ರಲ್ಲಿ ಫ್ರಾನ್ಸಿಗೆ ವ್ಯಾಸಂಗಕ್ಕೆಂದು ಹೋದ ಅವರು 1931ರಲ್ಲಿ ಕಮೀಲ್ ಮೂಲಿ ಎಂಬ ಫ್ರೆಂಚ್ ಮಹಿಳೆಯನ್ನು ವಿವಾಹವಾದರು. ಅದೃಷ್ಟವಶಾತ್ ಫ್ರಾನ್ಸ್ 1927ರಲ್ಲಿ ತನ್ನ ಕಾನೂನನ್ನು ಬದಲಿಸಿತ್ತು. ವಿದೇಶೀಯನನ್ನು ಮದುವೆಯಾದ ಫ್ರೆಂಚ್ ಸ್ತ್ರೀ ತಾನಾಗಿ ಗಂಡನ ಪೌರತ್ವವನ್ನು ಬಯಸಿ ಘೋಷಿಸದ ಹೊರತು ಫ್ರೆಂಚಳಾಗಿಯೇ ಉಳಿಯುವಳೆಂಬುದು ಹೊಸ ನಿಯಮದ ಸಾರ. ಆ ಬದಲಾವಣೆ ಆಗದೆ ಇದ್ದಿದ್ದರೆ, ಒಂದು ದೇಶ ಕೈಬಿಟ್ಟು ಇನ್ನೊಂದು ಕೈಹಿಡಿಯದ ಸ್ಥಿತಿಗೆ ಮೈಸೂರಿನ ಸೊಸೆಯರು ಸಿಲುಕುವ ಭಯವಿತ್ತು.

ಆ ಭಯ ಕಲ್ಪಿತವಲ್ಲವೆಂಬುದಕ್ಕೆ ಅಮೆರಿಕವೇ ಸಾಕ್ಷಿ. ಅಲ್ಲಿನ 1907ರ ಕಾಯಿದೆ ವಿದೇಶೀಯನನ್ನು ವರಿಸಿದ ಅಮೆರಿಕದ ಸ್ತ್ರೀಯಿಂದ ಪೌರತ್ವವನ್ನು ಕಸಿಯುತ್ತಿತ್ತು. 1922ರ ಕೇಬಲ್ ಕಾಯಿದೆ ಇದನ್ನು ಸಡಿಲಿಸಿದರೂ, ಪೌರತ್ವಕ್ಕೆ ಅನರ್ಹನಾದ ವಿದೇಶೀಯನನ್ನು ಮದುವೆಯಾದವಳಿಗೆ ರಿಯಾಯಿತಿ ಕೊಡಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರನ್ನು ಅನರ್ಹರೆಂದು ಸಾರಿತು. ಮರುವರ್ಷ ಕ್ರಾಂತಿಕಾರಿ ತಾರಕನಾಥ ದಾಸರನ್ನು ವಿವಾಹವಾದ ಮೇರಿ ಕೀಟಿಂಗ್ ಮೋರ್ಸ್ ಈ ನಿಯಮಕ್ಕೆ ಸಿಲುಕಿದರು. ದೇಶವಿಲ್ಲದವಳಾದ ತನ್ನ ಪಾಡನ್ನು 1926ರಲ್ಲಿ ‘ದಿ ನೇಷನ್’ ಪತ್ರಿಕೆಯಲ್ಲಿ ಬರೆದರು. ಆ ಕಟ್ಟಳೆ ತೊಲಗಿದ್ದು 1931ರಲ್ಲಿ.

ಸ್ವತಂತ್ರ ಭಾರತದ ನಿಲುವು

ಎರಡನೆಯ ಮಹಾಯುದ್ಧದ ನಂತರ ಗಾಳಿ ಬದಲಾಯಿತು. 1949ರ ಜನವರಿ 1ರಿಂದ ಜಾರಿಗೆ ಬಂದ ಬ್ರಿಟನ್ನಿನ ಹೊಸ ಕಾಯಿದೆಯಲ್ಲಿ ವಿವಾಹದಿಂದ ಪೌರತ್ವ ತಾನಾಗಿ ಹೋಗುವ ನಿಯಮ ಅಳಿಯಿತು. 1957ರಲ್ಲಿ ವಿಶ್ವಸಂಸ್ಥೆ ವಿವಾಹಿತ ಸ್ತ್ರೀಯರ ರಾಷ್ಟ್ರೀಯತೆಯ ಬಗ್ಗೆ ಒಡಂಬಡಿಕೆಯನ್ನೇ ಅಂಗೀಕರಿಸಿತು. ಭಾರತದ 1955ರ ಪೌರತ್ವ ಕಾಯಿದೆಯೂ ಇದೇ ಹಾದಿಯದು: ವಿದೇಶೀಯರನ್ನು ವಿವಾಹವಾದ ಮಾತ್ರಕ್ಕೆ ಭಾರತೀಯರು ಪೌರತ್ವವನ್ನು ಕಳೆದುಕೊಳ್ಳುವುದಿಲ್ಲ. ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದಾಗ ಅದು ಕೊನೆಗೊಳ್ಳುತ್ತದೆ.

ಆದರೂ ಈ ಕಾಯಿದೆ ಮೊದಲಿಗೆ ಒಕ್ಕಣ್ಣಿನದಾಗಿತ್ತು. ಭಾರತೀಯನನ್ನು ಮದುವೆಯಾದ ‘ಸ್ತ್ರೀಯರಿಗೆ’ ಮಾತ್ರ ನೋಂದಣಿಯ ಮೂಲಕ ಪೌರತ್ವ ಪಡೆಯುವ ಸುಲಭ ದಾರಿ ತೆರೆದಿತ್ತು. ಭಾರತೀಯಳ ವಿದೇಶೀ ಪತಿಗೆ ಆ ದಾರಿಯಿರಲಿಲ್ಲ. ಇಟಲಿಯಲ್ಲಿ ಹುಟ್ಟಿ 1968ರಲ್ಲಿ ರಾಜೀವ್ ಗಾಂಧಿಯವರನ್ನು ವಿವಾಹವಾದ ಸೋನಿಯಾ ಗಾಂಧಿಯವರು 1983ರಲ್ಲಿ ಹೀಗೆ ನೋಂದಣಿಯಿಂದ ಭಾರತೀಯರಾದರು. 1999ರಲ್ಲಿ ಅವರು ಬಳ್ಳಾರಿಯಿಂದ ಲೋಕಸಭೆಗೆ ಸ್ಪರ್ಧಿಸಿ ಗೆದ್ದಾಗ ವಿವಾಹಮೂಲದ ಪೌರತ್ವವೆಂಬ ವಿಷಯ ಕರ್ನಾಟಕದ ಹಳ್ಳಿಕಟ್ಟೆಗಳಲ್ಲೂ ಚರ್ಚೆಗೆ ಬಂದದ್ದು ಹಲವರ ನೆನಪಿನಲ್ಲಿರಬಹುದು.

1986ರ ತಿದ್ದುಪಡಿ ‘ಸ್ತ್ರೀಯರು’ ಎಂಬುದನ್ನು ‘ವ್ಯಕ್ತಿಗಳು’ ಎಂದು ಬದಲಿಸಿ ಪತಿಗೂ ಬಾಗಿಲು ತೆರೆಯಿತು, ಜೊತೆಗೆ 5 ವರ್ಷಗಳ ವಾಸದ ಷರತ್ತನ್ನೂ ಹಾಕಿತು. 2003ರ ತಿದ್ದುಪಡಿಯಿಂದ ಆ ಅವಧಿ 7 ವರ್ಷವಾಯಿತು. ಮಕ್ಕಳ ವಿಷಯದಲ್ಲಿಯೂ ಇಂಥದೇ ತಿದ್ದುವಿಕೆ ನಡೆಯಿತು. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆ ಭಾರತೀಯನಾಗಿದ್ದರೆ ಮಾತ್ರ ವಂಶಾನುಗತ ಪೌರತ್ವ ಸಿಗುತ್ತಿದ್ದ ಕಾಲ 1992ರ ಡಿಸೆಂಬರ್ 10ಕ್ಕೆ ಮುಗಿದು, ತಾಯಿಗೂ ಸಮಾನ ಹಕ್ಕು ದೊರೆಯಿತು.

ತಪ್ಪು ವೀಸಾದ ಭಾರ

ಪೌರತ್ವದ ಬಾಗಿಲು ಹೀಗೆ ಅಗಲವಾಗುತ್ತಿದ್ದಾಗಲೇ ಪ್ರವೇಶದ ಬಾಗಿಲು ಕಿರಿದಾಯಿತು. 1970ರ ದಶಕದ ಬ್ರಿಟನ್ನಿನಲ್ಲಿ, ಮದುವೆಯಾಗಲೆಂದು ಬರುವ ವಧುವಿಗೆ ಮುಂಗಡ ವೀಸಾ ಬೇಕಿರಲಿಲ್ಲ. ಮದುವೆಯಾಗಿ ಬರುವ ಹೆಂಡತಿಗೆ ಬೇಕಿತ್ತು, ಅದಕ್ಕಾಗಿ ದೀರ್ಘಕಾಲ ಕಾಯಬೇಕಿತ್ತು. ಎರಡು ದಾರಿಗಳ ನಡುವಿನ ಈ ಅಂತರದಿಂದ ಅಧಿಕಾರಿಗಳಲ್ಲಿ ಸಂಶಯ ಹುಟ್ಟಿತು. 1979ರ ಜನವರಿಯಲ್ಲಿ ಹೀತ್ರೂ ವಿಮಾನ ನಿಲ್ದಾಣದಲ್ಲಿ ಭಾರತದಿಂದ ಬಂದ ಓರ್ವ ಶಿಕ್ಷಕಿಯನ್ನು, ಆಕೆ ಆಗಲೇ ವಿವಾಹಿತೆಯಿರಬಹುದೆಂಬ ಶಂಕೆಯಿಂದ, ಅವಮಾನಕರವಾದ ದೇಹಪರೀಕ್ಷೆಗೆ ಒಳಪಡಿಸಲಾಯಿತು. ‘ದಿ ಗಾರ್ಡಿಯನ್’ ಪತ್ರಿಕೆ ಇದನ್ನು ಬಯಲಿಗೆ ತಂದ ಮೇಲೆ ಆ ಪದ್ಧತಿ ನಿಂತಿತು. ಯಾವ ವರ್ಗದ ಪ್ರಯಾಣಿಕರು ನಾವು ಎಂಬ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಇದೊಂದು ಕಹಿ ನಿದರ್ಶನ.

ಅದೇ ದೇಶದಲ್ಲಿ ಪತ್ನಿಯನ್ನು ಕರೆತರುವುದಕ್ಕಿಂತ ಪತಿಯನ್ನು ಕರೆತರುವುದು ಕಠಿಣವಾಗಿತ್ತು. ಮೂವರು ಮಹಿಳೆಯರು ಹೂಡಿದ ದಾವೆಯಲ್ಲಿ 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಇದನ್ನು ಲಿಂಗತಾರತಮ್ಯವೆಂದು ತೀರ್ಪಿತ್ತಿತು. ಸರ್ಕಾರ ಸಮಾನತೆ ತಂದದ್ದೇನೋ ನಿಜ. ಆದರೆ ಪತಿಯರ ದಾರಿಯನ್ನು ಸುಗಮಗೊಳಿಸಿ ಅಲ್ಲ, ಪತ್ನಿಯರ ದಾರಿಯನ್ನೂ ಕಠಿಣಗೊಳಿಸಿ! ಇತ್ತ ಅಮೆರಿಕ 1970ರಲ್ಲಿ ನಿಶ್ಚಿತಾರ್ಥವಾದವರಿಗೆಂದೇ ಕೆ-1 ಎಂಬ ಪ್ರತ್ಯೇಕ ವೀಸಾ ರೂಪಿಸಿತು. ಒಳಬಂದ 90 ದಿನಗಳೊಳಗೆ ವಿವಾಹವಾಗಬೇಕೆಂಬುದು ಅದರ ಷರತ್ತು. ‘ನಿಶ್ಚಿತಾರ್ಥ’, ‘ವಿವಾಹ’, ‘ಪ್ರವಾಸ’ ಎಂಬ ಮೂರು ಶಬ್ದಗಳು ಹೀಗೆ ಮೂರು ಬೇರೆ ಬೇರೆ ಬಾಗಿಲುಗಳಾದವು.

ಕತಾರ್ ಮತ್ತು ನಾವು

1916ರ ಒಪ್ಪಂದದಿಂದ ಬ್ರಿಟಿಷ್ ರಕ್ಷಣೆಗೆ ಒಳಪಟ್ಟಿದ್ದ ಕತಾರ್ 1971ರ ಸೆಪ್ಟೆಂಬರ್ 3ರಂದು ಸ್ವತಂತ್ರವಾಯಿತು. 1966ರವರೆಗೆ ಇಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರಿಸರ್ವ್ ಬ್ಯಾಂಕ್ ಮುದ್ರಿಸಿದ ಕೊಲ್ಲಿ ರೂಪಾಯಿ. ನಾಣ್ಯ ಸಮಾನವಾಗಿದ್ದರೂ ಪೌರತ್ವ ಸಮಾನವಾಗಿರಲಿಲ್ಲ. ಇಲ್ಲಿನ ಪೌರತ್ವ ತಂದೆಯಿಂದ ಮಕ್ಕಳಿಗೆ ಬರುವಂಥದು. ಕತಾರಿ ಪೌರನ ವಿದೇಶೀ ಪತ್ನಿ 5 ವರ್ಷಗಳ ದಾಂಪತ್ಯದ ನಂತರ ಪೌರತ್ವ ಕೋರಬಹುದೆಂದು 2005ರ 38ನೆಯ ಕಾಯಿದೆ ಹೇಳುತ್ತದೆ. ಕತಾರಿ ಮಹಿಳೆಯ ವಿದೇಶೀ ಪತಿ ಹಾಗೂ ಮಕ್ಕಳಿಗೆ 2018ರ 10ನೆಯ ಕಾಯಿದೆ ಶಾಶ್ವತ ನಿವಾಸದ ಅವಕಾಶವನ್ನು ತೆರೆದಿದೆ. ಕತಾರಿಗಳು ವಿದೇಶೀಯರನ್ನು ವಿವಾಹವಾಗಲು ಪೂರ್ವಾನುಮತಿ ಬೇಕೆಂಬ 1989ರ ಕಾನೂನೂ ಉಂಟು.

ನಮ್ಮಲ್ಲಿ ಬಹುಪಾಲು ಸಂಬಂಧಗಳು ಇಬ್ಬರು ವಿದೇಶೀಯರ ನಡುವೆ ನಡೆಯುವಂಥವು. ಅಂಥವರಿಗೆ ಇಲ್ಲಿ ಸಾಮಾನ್ಯವಾಗಿ ದೊರೆಯುವುದು ಪ್ರಾಯೋಜಕತ್ವದ ಕುಟುಂಬ ನಿವಾಸ. ಉದ್ಯೋಗ ಮುಗಿದರೆ ಅದೂ ಮುಗಿಯುತ್ತದೆ. ಆದ್ದರಿಂದ ದೋಹಾದಲ್ಲಿ ಸಂಸಾರ ಹೂಡುವ ದಂಪತಿ ‘ಇಲ್ಲಿಂದ ಮುಂದೆ ಎಲ್ಲಿಗೆ?’ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳುವುದು ವಿಹಿತ.

ಚರಿತ್ರೆ ಕಲಿಸುವ ಜಾಗರೂಕತೆ

ಇಷ್ಟು ದೂರ ಸಾಗಿ ಬಂದ ಕಾನೂನು ಇಂದು ಹೆಚ್ಚಾಗಿ ಕೇಳುವುದು ‘ನಿನ್ನ ಗಂಡ ಯಾರು?’ ಎಂದಲ್ಲ, ‘ನಿಮ್ಮ ವಿವಾಹಕ್ಕೆ ದಾಖಲೆ ಏನು, ನೀವು ಎಲ್ಲಿ ವಾಸಿಸುವಿರಿ?’ ಎಂದು. ಆದ್ದರಿಂದ ಕೆಲವು ಸಂಗತಿಗಳನ್ನು ಸದಸ್ಯರು ಮನಗಾಣಬೇಕು.

ಮೊದಲನೆಯದು ವಿವಾಹದ ನೋಂದಣಿ. ಅಂತರಧರ್ಮೀಯ ಅಥವಾ ವಿದೇಶೀಯರೊಡನೆಯ ವಿವಾಹಕ್ಕೆ ಕರ್ನಾಟಕದಲ್ಲಿ ಹೆಚ್ಚಾಗಿ ಬಳಕೆಯಾಗುವುದು 1954ರ ವಿಶೇಷ ವಿವಾಹ ಕಾಯಿದೆ. ನೋಟಿಸು ಕೊಡುವ ಮುನ್ನ ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಾಗಿರಬೇಕು. ನೋಟಿಸು ಪ್ರಕಟವಾದ ಮೇಲೆ ಮತ್ತೆ 30 ದಿನ ಕಾಯಬೇಕು. ವಾರ್ಷಿಕ ರಜೆ 30 ದಿನವಷ್ಟೇ ಇರುವ ಕೊಲ್ಲಿಯ ಉದ್ಯೋಗಿ ಈ ಲೆಕ್ಕವನ್ನು ಹಾಕದೆ ಮುಹೂರ್ತ ಇಟ್ಟರೆ, ಮಂಟಪದ ಮದುವೆ ಮುಗಿದರೂ ಪ್ರಮಾಣಪತ್ರ ಕೈಸೇರದು. ದಂಪತಿಯಲ್ಲಿ ಒಬ್ಬರಾದರೂ ಭಾರತೀಯರಿದ್ದರೆ 1969ರ ವಿದೇಶೀ ವಿವಾಹ ಕಾಯಿದೆಯಂತೆ ಹೊರನಾಡಿನ ಭಾರತೀಯ ರಾಯಭಾರ ಕಚೇರಿಗಳ ವಿವಾಹಾಧಿಕಾರಿಯ ಸಮ್ಮುಖದಲ್ಲಿಯೂ ಮದುವೆಯಾಗಬಹುದು. ಆದರೆ ಸ್ಥಳೀಯ ಕಾನೂನಿಗೆ ಅದು ವಿರುದ್ಧವಾಗಿರಬಾರದು.

ಎರಡನೆಯದು ಭಾರತಕ್ಕೆ ಬರುವ ವೀಸಾ. ವಿದೇಶೀ ಪತಿ ಅಥವಾ ಪತ್ನಿಗೆ ಊರು ತೋರಿಸಿ ಬರಲು ಪ್ರವಾಸಿ ವೀಸಾ ಸಾಕು, ನೆಲೆಸಲು ಸಾಲದು. ಭಾರತೀಯರ ಸಂಗಾತಿಗೆಂದೇ ಎಕ್ಸ್ ವರ್ಗದ ಪ್ರವೇಶ ವೀಸಾ ಇದೆ. 180 ದಿನಕ್ಕೂ ಮೀರಿ ಉಳಿಯುವವರು ವಿದೇಶೀಯರ ನೋಂದಣಿ ಕಚೇರಿಯ ನಿಯಮಗಳನ್ನೂ ಪಾಲಿಸಬೇಕು.

ಮೂರನೆಯದು ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು, ಅಂದರೆ ಓಸಿಐ. 2005ರ ತಿದ್ದುಪಡಿಯ ನಂತರ ರೂಢಿಗೆ ಬಂದ ಈ ಸೌಲಭ್ಯದೊಡನೆ 2015ರಲ್ಲಿ ಹಳೆಯ ಪಿಐಒ ಕಾರ್ಡು ವಿಲೀನವಾಯಿತು. ವಿವಾಹ ನೋಂದಣಿಯಾಗಿ, ಅರ್ಜಿಗೆ ಮುನ್ನ ಸತತ 2 ವರ್ಷ ದಾಂಪತ್ಯ ಮುಂದುವರಿದಿದ್ದರೆ ವಿದೇಶೀ ಮೂಲದ ಸಂಗಾತಿ ಇದಕ್ಕೆ ಅರ್ಹ. ಪ್ರವಾಸಿ ವೀಸಾದಲ್ಲಿ ಭಾರತದಲ್ಲಿದ್ದುಕೊಂಡು ಅರ್ಜಿ ಹಾಕುವಂತಿಲ್ಲ. ಪಾಕಿಸ್ತಾನ, ಬಾಂಗ್ಲಾದೇಶಗಳ ಪೌರರಾಗಿರುವವರಿಗೆ ಇದು ದೊರೆಯದು. ವಿವಾಹ ವಿಚ್ಛೇದನವಾದರೆ ಹೀಗೆ ಪಡೆದ ಕಾರ್ಡು ರದ್ದಾಗುತ್ತದೆ. ಓಸಿಐ ಎಂಬುದು ಪೌರತ್ವವಲ್ಲ. ಮತದಾನದ ಹಕ್ಕು ಇದರಲ್ಲಿಲ್ಲ.

ಕೊನೆಯದು, ಮತ್ತು ಬಹು ಮುಖ್ಯವಾದುದು, ಮಕ್ಕಳು. ದೋಹಾದಲ್ಲಿ ಹುಟ್ಟಿದ ಮಾತ್ರಕ್ಕೆ ನಮ್ಮ ಮಗು ಕತಾರಿ ಆಗುವುದಿಲ್ಲ. ತಂದೆ ಅಥವಾ ತಾಯಿ ಭಾರತೀಯರಾಗಿದ್ದು ಮಗುವೂ ಭಾರತೀಯನಾಗಬೇಕಾದರೆ, ಜನನವನ್ನು ರಾಯಭಾರ ಕಚೇರಿಯಲ್ಲಿ 1 ವರ್ಷದೊಳಗೆ ನೋಂದಾಯಿಸಬೇಕು, ಮಗು ಬೇರೆ ದೇಶದ ಪಾಸ್‌ಪೋರ್ಟ್ ಹೊಂದಿಲ್ಲವೆಂದು ಘೋಷಿಸಬೇಕು. ಯಾವ ಪಾಸ್‌ಪೋರ್ಟ್ ಎಂಬುದನ್ನು ಹೆರಿಗೆಗೆ ಮುನ್ನವೇ ಪತಿಪತ್ನಿಯರು ಕುಳಿತು ನಿರ್ಧರಿಸುವುದು ಒಳಿತು.

ಗೌರಮ್ಮನ ಕಾಲದಲ್ಲಿ ಕಾಗದ ಬೇಕಿರಲಿಲ್ಲ, ಆದರೆ ಆಯ್ಕೆಯೂ ಇರಲಿಲ್ಲ. ಮೇರಿ ದಾಸರ ಕಾಲದಲ್ಲಿ ಕಾಗದವಿತ್ತು, ಆಯ್ಕೆಯನ್ನು ಬೇರೆಯವರು ಮಾಡುತ್ತಿದ್ದರು. ಇಂದು ಕಾಗದಗಳು ಹಲವು, ಆಯ್ಕೆ ನಮ್ಮದು. ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಆಯಾ ರಾಯಭಾರ ಕಚೇರಿಯ ಅಧಿಕೃತ ಪ್ರಕಟಣೆಯನ್ನು ನೋಡಿಕೊಳ್ಳಿರಿ. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮೊದಲು ಒಂದು ಸಂಜೆ ಇದಕ್ಕೆಂದು ಮೀಸಲಿಟ್ಟರೆ, ಮುಂದೆ ಎರಡು ದೇಶಗಳಲ್ಲಿ ಬೇರೆಬೇರೆಯಾಗಿ ಕಳೆಯಬೇಕಾದ ತಿಂಗಳುಗಳು ತಪ್ಪುತ್ತವೆ. ನಮ್ಮ ಮಕ್ಕಳು ಯಾವ ದೇಶದ ಸಂಗಾತಿಯನ್ನೇ ಆರಿಸಿಕೊಳ್ಳಲಿ, ಅವರು ಒಂದೇ ಸೂರಿನಡಿ ಬಾಳುವಂತಾಗಲಿ ಎಂದು ಹಾರೈಸೋಣ.