ಸಾರ್ಕ್ ಮತ್ತು ನಿರಾಶ್ರಿತರ ನೀತಿ

ದಕ್ಷಿಣ ಏಷ್ಯಾ ಪ್ರಾದೇಶಿಕ ಸಹಕಾರ ಸಂಘಟನೆಯ (ಸಾರ್ಕ್) ಎಂಟು ಸದಸ್ಯ ರಾಷ್ಟ್ರಗಳು ಭಯೋತ್ಪಾದನೆ ನಿಗ್ರಹ, ಮಕ್ಕಳ ಕಲ್ಯಾಣ, ಮುಕ್ತ ವ್ಯಾಪಾರ ಕುರಿತು ಒಪ್ಪಂದ ಮಾಡಿಕೊಂಡಿವೆ. ನಿರಾಶ್ರಿತರ ಬಗ್ಗೆ ಅಂಥ ಒಪ್ಪಂದವಿಲ್ಲ. ಇವುಗಳಲ್ಲಿ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಗೆ ಸೇರಿರುವುದೂ ಅಫ್ಘಾನಿಸ್ತಾನ ಒಂದೇ.

ಬೆಂಗಳೂರು ಶೃಂಗಸಭೆ
ಸಾರ್ಕ್‌ನ ಎರಡನೆಯ ಶೃಂಗಸಭೆ 1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ನಡೆಯಿತು. ಕಠ್ಮಂಡುವಿನಲ್ಲಿ ಸಚಿವಾಲಯ ಸ್ಥಾಪಿಸುವ ಒಪ್ಪಂದಕ್ಕೆ ಸಹಿ ಬಿದ್ದದ್ದು ಇಲ್ಲಿಯೇ. 1983ರ ಗಲಭೆಗಳ ನಂತರ ಶ್ರೀಲಂಕಾದಿಂದ ಲಕ್ಷಕ್ಕೂ ಹೆಚ್ಚು ತಮಿಳರು ತಮಿಳುನಾಡಿಗೆ ಬಂದಿದ್ದರೂ ಆ ವಿಷಯ ಸಭೆಯ ಕಾರ್ಯಸೂಚಿಯಲ್ಲಿ ಇರಲಿಲ್ಲ. ಸಾರ್ಕ್ ಸನ್ನದಿನ 10ನೇ ವಿಧಿಯ ಪ್ರಕಾರ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದ ಆಗಬೇಕು. ದ್ವಿಪಕ್ಷೀಯ ಹಾಗೂ ವಿವಾದಾತ್ಮಕ ವಿಷಯಗಳನ್ನು ಚರ್ಚೆಗೆ ತರುವಂತಿಲ್ಲ. ಹೀಗಾಗಿ ಪ್ರಧಾನಿ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜೆ. ಆರ್. ಜಯವರ್ಧನೆ ಸಭೆಯ ಹೊರಗೆ ಮಾತುಕತೆ ನಡೆಸಿದರು. 1987ರ ಜುಲೈನಲ್ಲಿ ಆದದ್ದು ಭಾರತ–ಶ್ರೀಲಂಕಾ ಒಪ್ಪಂದ, ಸಾರ್ಕ್ ಒಪ್ಪಂದವಲ್ಲ.

ತೊಡಕುಗಳು
ನಿರಾಶ್ರಿತರು ಹೊರಟು ಬರುವ ದೇಶವೂ ಅವರಿಗೆ ನೆಲೆ ಕೊಡುವ ದೇಶವೂ ಹಲವು ಬಾರಿ ಸಾರ್ಕ್ ಸದಸ್ಯರೇ. ಆಶ್ರಯ ನೀಡಿದರೆ ನೆರೆಯ ಸರ್ಕಾರವನ್ನು ದೂಷಿಸಿದಂತಾಗುತ್ತದೆ ಎಂಬ ಅಳುಕು ಇದ್ದೇ ಇದೆ. 1990ರ ದಶಕದಲ್ಲಿ ಭೂತಾನ್ ತೊರೆದ ಲಕ್ಷಕ್ಕೂ ಹೆಚ್ಚು ನೇಪಾಳಿ ಭಾಷಿಕರ ಸಮಸ್ಯೆ ನೇಪಾಳ–ಭೂತಾನ್ ಮಾತುಕತೆಗಳಲ್ಲಿ ಬಗೆಹರಿಯಲಿಲ್ಲ. ಬಹುಪಾಲು ಜನ ಕೊನೆಗೆ ಅಮೆರಿಕ ಮೊದಲಾದ ದೂರದ ದೇಶಗಳಲ್ಲಿ ನೆಲೆಸಿದರು. ನ್ಯಾಯಮೂರ್ತಿ ಪಿ. ಎನ್. ಭಗವತಿ ಅವರ ನೇತೃತ್ವದಲ್ಲಿ 1997ರಲ್ಲಿ ಸಿದ್ಧವಾದ ನಿರಾಶ್ರಿತರ ಮಾದರಿ ಕಾನೂನನ್ನೂ ಯಾವ ಸರ್ಕಾರವೂ ಅಂಗೀಕರಿಸಲಿಲ್ಲ.

ಹೋಲಿಕೆಗೆ ನೋಡಿದರೆ, ಐರೋಪ್ಯ ಒಕ್ಕೂಟದಲ್ಲಿ ಸಮಾನ ಕಾನೂನು ಇದ್ದೂ ಹೊರೆ ಹಂಚಿಕೆ ಕಗ್ಗಂಟಾಯಿತು. 2015ರಲ್ಲಿ 1,60,000 ಜನರನ್ನು ಹಂಚಿಕೊಳ್ಳಲು ನಿರ್ಧರಿಸಿದರೂ ಸ್ಥಳಾಂತರಗೊಂಡವರು 35,000ಕ್ಕಿಂತ ಕಡಿಮೆ. ಆದರೆ ಅಲ್ಲಿ ಸರ್ವಾನುಮತದ ಬದಲು ಅರ್ಹ ಬಹುಮತ ಸಾಕು. ಆದ್ದರಿಂದ ಹಂಗರಿ, ಪೋಲೆಂಡ್ ವಿರೋಧಿಸಿದರೂ 2024ರ ಮೇನಲ್ಲಿ ಹೊಸ ಒಪ್ಪಂದ ಅಂಗೀಕಾರವಾಯಿತು. ಸಾರ್ಕ್‌ನಲ್ಲಿ ಒಂದು ರಾಷ್ಟ್ರ ಒಲ್ಲೆ ಎಂದರೆ ಅಲ್ಲಿಗೆ ಮುಗಿಯಿತು.

ಕರ್ನಾಟಕದಲ್ಲಿ
ಸಮಾನ ನೀತಿ ಇಲ್ಲದಿರುವುದರ ಫಲ ರಾಜ್ಯದಲ್ಲಿ ಎದ್ದು ಕಾಣುತ್ತದೆ. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಡಿ ಶ್ರೀಲಂಕಾದಿಂದ ಬಂದ ತಮಿಳು ಕಾರ್ಮಿಕರು ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಕೆಲಸ ಪಡೆದರು. ಅವರು ಪೌರತ್ವದ ಹಕ್ಕಿನೊಂದಿಗೆ ಮರಳಿದವರು. ಬೈಲಕುಪ್ಪೆ, ಮುಂಡಗೋಡ, ಹುಣಸೂರಿನ ಗುರುಪುರ, ಒಡೆಯರಪಾಳ್ಯಗಳ ಟಿಬೆಟನ್ ಕ್ಯಾಂಪುಗಳಿಗೆ ಸರ್ಕಾರ ಜಮೀನು ಕೊಟ್ಟಿದೆ, ಆದರೆ ಕಾನೂನಿನಲ್ಲಿ ಅಲ್ಲಿನವರು ವಿದೇಶಿಯರು. ಬೈಲಕುಪ್ಪೆಯಿಂದ ಓದಲೋ ಕೆಲಸಕ್ಕೋ ಬಂದು ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ಮನೆ ಬಾಡಿಗೆಗೆ ಹಿಡಿಯುವ ಟಿಬೆಟಿಯನ್ನರಿಗೆ ‘ಆರ್‌ಸಿ’ ಎಂಬ ನೋಂದಣಿ ಪತ್ರವೇ ಗುರುತು. ವಿದೇಶಕ್ಕೆ ಹೋಗಲು ಪಾಸ್‌ಪೋರ್ಟ್ ಬದಲು ಹಳದಿ ಹೊದಿಕೆಯ ಗುರುತು ಪುಸ್ತಿಕೆ. 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಪೌರರೇ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು.

ಸದ್ಯದ ಸ್ಥಿತಿ
2014ರ ಕಠ್ಮಂಡು ಸಭೆಯ ಬಳಿಕ ಸಾರ್ಕ್ ಶೃಂಗಸಭೆ ನಡೆದಿಲ್ಲ. ಭಾರತದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಗೆ ಬಂದಿದ್ದು, ದಾಖಲೆಗಳಿಲ್ಲದೆ ಬಂದವರಿಗೆ ವಿನಾಯಿತಿ ನೀಡುವ ಆದೇಶದಲ್ಲಿ ಅವರ ಮೂಲಕ್ಕೆ ತಕ್ಕಂತೆ ಬೇರೆ ಬೇರೆ ಗಡುವುಗಳಿವೆ. ನೋಂದಾಯಿತ ಶ್ರೀಲಂಕಾ ತಮಿಳರಿಗೆ ಅದು 2015ರ ಜನವರಿ 9. ಪಾಕಿಸ್ತಾನ, ಬಾಂಗ್ಲಾದೇಶ, ಅಫ್ಘಾನಿಸ್ತಾನದ ಅಲ್ಪಸಂಖ್ಯಾತರಿಗೆ 2024ರ ಡಿಸೆಂಬರ್ 31.