ಎರಡು ಊರು, ಒಂದೇ ನೀರು

ಬೆಳ್ಳಿಹಬ್ಬದ ಸಂಚಿಕೆಗೆ ಸಹಕಾರದ ಬಗ್ಗೆ ನಾಲ್ಕು ಮಾತು ಬರೆಯಲು ಕುಳಿತಾಗ ನಮಗೆ ಮೊದಲು ನೆನಪಾದದ್ದು ಗದಗ ಸೀಮೆಯ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕಟ್ಟಿದ ಪತ್ತಿನ ಸಂಘದ ಕಥೆ ಸದಸ್ಯರಿಗೆಲ್ಲ ಗೊತ್ತಿದ್ದದ್ದೇ. ಆದರೆ ಒಂದು ಊರಿನ ಜನ ಕೂಡಿದ ಹಾಗೆ ಊರು ಊರುಗಳೇ ಕೂಡಿದರೆ ಏನಾಗುತ್ತದೆ? ಇದಕ್ಕೆ ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪ್ಯಾಟಿಗೆ, ಕೋರ್ಟಿಗೆ, ದವಾಖಾನೆಗೆ ನಾವು ಹೋಗಿಬರುವ ಹುಬ್ಬಳ್ಳಿ-ಧಾರವಾಡವೇ ಇದೆ.

ಈ ಎರಡು ಊರುಗಳ ನಡುವೆ ಸುಮಾರು 20 ಕಿಲೋಮೀಟರ್ ಅಂತರ. ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಪುರಸಭೆ ಬಂತು. ಮುಂದೆ ನೂರು ವರ್ಷಕ್ಕೂ ಮಿಕ್ಕಿ ಎರಡೂ ಬೇರೆ ಬೇರೆಯಾಗಿಯೇ ಸಂಸಾರ ನಡೆಸಿದವು. ಧಾರವಾಡಕ್ಕೆ ಕೆಲಗೇರಿ ಕೆರೆಯ ನೀರು, ಹುಬ್ಬಳ್ಳಿಗೆ ಉಣಕಲ್ ಕೆರೆಯ ನೀರು. ರೈಲು, ಗಿರಣಿ, ವ್ಯಾಪಾರದಿಂದ ಹುಬ್ಬಳ್ಳಿ ಬೆಳೆದು ಕೆರೆ ಸಾಲದಾದಾಗ 1955ರಲ್ಲಿ ನೀರಸಾಗರ ಆಯಿತು.

1962ರಲ್ಲಿ ಎರಡೂ ಊರುಗಳು ಸೇರಿ ಒಂದೇ ಪಾಲಿಕೆ ಆದವು. ನಡುವಿನ ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರಿನಂಥ ಹಳ್ಳಿಗಳೂ ಇಂದು ಅದರ ಹದ್ದಿನಲ್ಲೇ ಇವೆ. ಕೂಡಿದ್ದರಿಂದ ಬಲ ಬಂತೆಂಬುದು ಸುಳ್ಳಲ್ಲ. 1983ರಲ್ಲಿ ಸವದತ್ತಿ ಹತ್ತಿರದ ಜಲಾಶಯದಿಂದ ಮಲಪ್ರಭೆ ನೀರು ಬಂದಾಗ ಅದು ಎರಡೂ ಊರಿನ ನಲ್ಲಿಗೆ ಬಂತು.

ಆದರೆ ಮನಸ್ಸು ಅಷ್ಟು ಸುಲಭಕ್ಕೆ ಕೂಡಲಿಲ್ಲ. 2021ರ ಚುನಾವಣೆಯಲ್ಲಿ ಪಾಲಿಕೆಗೆ 82 ವಾರ್ಡು. ಹೆಚ್ಚಿನವು ಹುಬ್ಬಳ್ಳಿ ಕಡೆಯವು. ಅನುದಾನವೆಲ್ಲ ಅತ್ತಲೇ ಹೋಗುತ್ತದೆ, ನಮ್ಮ ರಸ್ತೆ ಕೇಳುವವರಿಲ್ಲ ಎಂಬುದು ಧಾರವಾಡದವರ ಬಹುಕಾಲದ ಅಳಲು. ಹೋರಾಟ ನಡೆದು, 2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು ರಾಜ್ಯ ಸಚಿವ ಸಂಪುಟ ಒಪ್ಪಿತು.

ಹಾಗಾದರೆ ಕೂಡಿದ್ದೇ ತಪ್ಪಾಯಿತೇ? ನಮಗೆ ಹಾಗನಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲಾದರೂ ಬಾವಿ ಪಾಲಾಗುವುದಿಲ್ಲ. ಪಾಳಿ ಹಚ್ಚಿಕೊಂಡು ನೀರು ಹಾಯಿಸುತ್ತಾರೆ. ಮಲಪ್ರಭೆಯ ಕೊಳವೆಯನ್ನೂ ಎರಡು ತುಂಡು ಮಾಡಲು ಬರುವುದಿಲ್ಲ. ಪಾಲಿಕೆ ಎರಡಾದರೂ ನೀರಿನ ವಿಷಯಕ್ಕೆ ಇಬ್ಬರೂ ಒಂದೇ ಜಮಖಾನೆ ಮೇಲೆ ಕೂಡಲೇಬೇಕು. ಬೇರೆಯಾಗಿದ್ದೂ ಒಂದು ಕೆಲಸ ಮಾಡಬಹುದು ಎಂಬುದಕ್ಕೆ ಉದಾಹರಣೆಯೂ ಉಂಟು. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ತಾಸು ನೀರು ಹರಿದದ್ದು ಒಂದೇ ಯೋಜನೆಯಿಂದ. ಅದಕ್ಕಾಗಿ ಯಾವ ಊರೂ ತನ್ನ ಪಾಲಿಕೆ ಬಿಟ್ಟುಕೊಡಲಿಲ್ಲ.

ಇದರಲ್ಲಿ ನಮ್ಮ ಸಂಘಕ್ಕೂ ಒಂದು ಪಾಠವಿದೆ. ಶೇರು ಎಷ್ಟಿದ್ದರೂ ಓಟು ಒಂದೇ ಎಂಬುದು ಸಹಕಾರದ ನ್ಯಾಯ. ಆದರೂ ದೊಡ್ಡ ಊರಿಗೆ ಓಟು ಜಾಸ್ತಿ, ಸಣ್ಣ ಊರಿಗೆ ಕಡಿಮೆ. ಗೊಬ್ಬರದ ಲಾರಿ ಬಂದಾಗ, ಸಾಲದ ಯಾದಿ ಓದುವಾಗ ಸಣ್ಣ ಊರಿನವರ ಮಾತು ಮೊದಲು ಕೇಳುವವನೇ ನಿಜವಾದ ಮುಂದಾಳು. ಓಟಿನಲ್ಲಿ ಗೆದ್ದವನು ಸಭೆ ನಡೆಸಬಹುದು, ಸಂಘ ಉಳಿಯುವುದು ಸೋತವನ ನಂಬಿಕೆಯಿಂದ.

ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತಾರೆ ಹಿರಿಯರು. ಹಳ್ಳ ಹರಿದ ಮೇಲೆ ಎಲ್ಲರ ಹೊಲಕ್ಕೂ ಅದರ ನೀರು ಮುಟ್ಟಿತೇ ಎಂದು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳೋಣ. ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇವೆ.