ಪ್ರಕೃತಿವಿಕೋಪಾನಂತರದ ಗೃಹದುರಸ್ತಿ ಸಹಾಯಧನ: ಒಂದು ಚಾರಿತ್ರಿಕ ವಿವೇಚನೆ

ನೆರೆಯಿಂದಲೋ ಭೂಕಂಪದಿಂದಲೋ ಮನೆ ಹಾಳಾದ ಪ್ರಜೆಗೆ ಅದನ್ನು ಸರಿಪಡಿಸಿಕೊಳ್ಳಲು ಸರ್ಕಾರವು ಬೊಕ್ಕಸದಿಂದ ಹಣ ಕೊಡತಕ್ಕದ್ದೆಂಬ ಭಾವನೆ ಇಂದು ನಮಗೆ ಸಹಜವಾಗಿ ತೋರುವುದಾದರೂ, ನಮ್ಮ ದೇಶದ ಆಡಳಿತದ ಇತಿಹಾಸದಲ್ಲಿ ಅದು ಈಚಿನ ಕಾಲದ್ದೆಂಬುದನ್ನು ಮೊದಲೇ ಹೇಳಬೇಕಾಗಿದೆ. 1876–78ರ ಮಹಾಕ್ಷಾಮದ ಕಾಲದಲ್ಲಿ ಮೈಸೂರು ಸಂಸ್ಥಾನದ ಕ್ಷಾಮ ಕಮಿಷನರಾಗಿದ್ದ ಚಾರ್ಲ್ಸ್ ಎಲಿಯಟ್ ಎಂಬವರು ಅನಂತರ ಭಾರತದ ಕ್ಷಾಮ ಆಯೋಗಕ್ಕೆ ಕಾರ್ಯದರ್ಶಿಯಾದುದರಿಂದ, 1880ರ ಆಯೋಗದ ವರದಿಗೂ ಅದರಿಂದ ಹುಟ್ಟಿದ ಕ್ಷಾಮಸಂಹಿತೆಗಳಿಗೂ ಕನ್ನಡನಾಡಿನ ಆ ದಾರುಣಾನುಭವದ ಸಂಬಂಧವುಂಟು. ಆದರೆ ಆ ಸಂಹಿತೆಗಳ ಲಕ್ಷ್ಯವೆಲ್ಲ ಪ್ರಾಣರಕ್ಷಣೆಯ ಕಡೆಗಿತ್ತು. ಕೂಲಿಕೆಲಸ, ಗಂಜಿ, ಕಂದಾಯದ ರಿಯಾಯಿತಿ, ಇವಿಷ್ಟರಲ್ಲಿ ರಾಜ್ಯದ ಕರ್ತವ್ಯ ಬಹುಮಟ್ಟಿಗೆ ಮುಗಿಯುತ್ತಿತ್ತು. 1884ರ ರೈತಸಾಲದ ಕಾಯಿದೆಯು ಸಂಕಟಕಾಲದಲ್ಲಿ ಬಿತ್ತನೆಬೀಜಕ್ಕೂ ದನಕರುಗಳಿಗೂ ತಗಾವಿ ಒದಗಿಸಿತು. ಆದರೆ ತಗಾವಿಯೆಂದರೆ ಬಡ್ಡಿಯೊಡನೆ ಹಿಂದಿರುಗಿಸಬೇಕಾದ ಸಾಲವೇ.

ಮನೆಯೆಂಬುದೇ ನಷ್ಟದ ಮುಖ್ಯ ವಸ್ತುವಾಗಿ ಆಡಳಿತದ ಕಣ್ಣಿಗೆ ಬಿದ್ದುದು 1934ರ ಜನವರಿ 15ರ ಬಿಹಾರ ಭೂಕಂಪದಲ್ಲಿ. ಮುಜಫರಪುರ, ದರಭಂಗಾ, ಮುಂಗೇರಗಳಲ್ಲಿ ಕಟ್ಟಡಗಳು ಸಾಲುಸಾಲಾಗಿ ಕುಸಿದಾಗ, ಬೀಜಕ್ಕೂ ಎತ್ತಿಗೂ ಮೀಸಲಾದ ಹಳೆಯ ಕಾಯಿದೆ ಸಾಲದೆಂಬುದು ಸ್ಪಷ್ಟವಾಗಿ, ಅದೇ ವರ್ಷ ಆ ಪ್ರಾಂತದಲ್ಲಿ ನೈಸರ್ಗಿಕ ವಿಪತ್ತುಗಳ ಸಾಲದ ಕಾಯಿದೆ ಜಾರಿಗೆ ಬಂದಿತು. ಆಗಲೂ ಕಾಯಿದೆ ಮುಂದಿಟ್ಟದ್ದು ಸಾಲವನ್ನೇ. ಉದಾರವಾಗಿ ಕೊಡುವ ಕೆಲಸವನ್ನು ವೈಸರಾಯರ ನಿಧಿಯೂ ಬಾಬು ರಾಜೇಂದ್ರಪ್ರಸಾದರ ಮುಂದಾಳ್ತನದ ಪರಿಹಾರ ಸಮಿತಿಯೂ ಜನರ ದೇಣಿಗೆಯಿಂದ ನಡೆಸಿದುವು.

ಸಾಲದ ಕಾಲದಿಂದ ಅನುದಾನದ ಕಾಲಕ್ಕೆ ಬಂದ ದಾರಿ ಹಣಕಾಸು ಆಯೋಗಗಳ ಮೂಲಕ ಹಾಯುತ್ತದೆ. ಎರಡನೆಯ ಆಯೋಗವು ವಿಪತ್ತಿನ ವೆಚ್ಚಕ್ಕಾಗಿ ರಾಜ್ಯಗಳು ಹಣ ಮೀಸಲಿಡುವ ಪದ್ಧತಿಯನ್ನು ಆರಂಭಿಸಿತು. ಒಂಬತ್ತನೆಯದರ ಶಿಫಾರಸಿನಂತೆ 1990ರಲ್ಲಿ ವಿಪತ್ತು ಪರಿಹಾರ ನಿಧಿ ಸ್ಥಾಪಿತವಾಗಿ, ಅದರ ಮುಕ್ಕಾಲು ಪಾಲನ್ನು ಕೇಂದ್ರವು ಹೊತ್ತುಕೊಂಡಿತು. 2005ರ ವಿಪತ್ತು ನಿರ್ವಹಣಾ ಕಾಯಿದೆಯ 12ನೆಯ ಪ್ರಕರಣವು ಪರಿಹಾರದ ಕನಿಷ್ಠ ಮಟ್ಟವನ್ನು ಹೇಳುವಾಗ ಮನೆಗಳ ಹಾನಿಯನ್ನು ಹೆಸರಿಸಿಯೇ ಸೇರಿಸಿಕೊಂಡಿದೆ.

ಇಷ್ಟಾದರೂ ದುರಸ್ತಿಯ ವಿಷಯದಲ್ಲಿ ಸರ್ಕಾರದ ಈ ಸಹಾಯಧರ್ಮವು ಕೃಪಣವಾಗಿಯೇ ಉಳಿದಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. 2022ರ ಕೇಂದ್ರದ ಮಾನದಂಡದಂತೆ, ಬಯಲುಸೀಮೆಯಲ್ಲಿ ಪೂರ್ಣವಾಗಿ ಹಾಳಾದ ಮನೆಗೆ 1,20,000 ರೂಪಾಯಿ, ಶೇ. 15ರಷ್ಟಾದರೂ ಜಖಂಗೊಂಡು ನಿಂತಿರುವ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000. ಬಿದ್ದ ಮನೆಗೂ ನಿಂತ ಪಕ್ಕಾ ಮನೆಗೂ ಹದಿನೆಂಟು ಪಟ್ಟಿಗಿಂತ ಹೆಚ್ಚಿನ ಅಂತರ! ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳ ದಡದ ಮಣ್ಣಿನ ಮನೆಗಳನ್ನು ಹತ್ತಿರದಿಂದ ಕಂಡವರಿಗೆ ಈ ಲೆಕ್ಕದ ಅಸಾಂಗತ್ಯ ತಾನಾಗಿ ತಿಳಿಯುತ್ತದೆ. ನೀರು ಏರಿದಾಗ ಗೋಡೆ ಬೀಳದೆ ಇರಬಹುದು; ನೀರಿಳಿದ ಮೇಲೆ ನೆನೆದ ಬುಡ ಮೆತ್ತಗಾಗಿ, ಮೇಲಿನ ಮಾಳಿಗೆಯ ಮಣ್ಣಿನ ಭಾರಕ್ಕೆ ಜಗ್ಗಿ, ಮೂಲೆಗಳಲ್ಲಿ ಬಿರುಕು ಬಿಟ್ಟು, ವಾರಗಳ ಬಳಿಕ ಕುಸಿಯುವುದುಂಟು. ಗ್ರಾಮಲೆಕ್ಕಿಗರೂ ಇಂಜಿನಿಯರರೂ ಮಹಜರು ಬರೆದುಕೊಂಡು ಹೋದ ದಿನ ಅದು ನಿಂತಿದ್ದರೆ, ಕಾಗದದಲ್ಲಿ ಅದು ಅಲ್ಪ ಹಾನಿಯ ಮನೆಯೇ.

ದುರಸ್ತಿಯನ್ನೇ ಒಂದು ಸ್ವತಂತ್ರ ಕಾರ್ಯವೆಂದು ಗೌರವಿಸಿದ ದೊಡ್ಡ ಪ್ರಯತ್ನ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದ ಅನಂತರ ಮಹಾರಾಷ್ಟ್ರ ಸರ್ಕಾರವು ವಿಶ್ವಬ್ಯಾಂಕಿನ ನೆರವಿನಿಂದ ನಡೆಸಿದ ಯೋಜನೆ. ಹೆಚ್ಚು ಹಾಳಾದ ಊರುಗಳನ್ನು ಸ್ಥಳಾಂತರಿಸಿ, ಉಳಿದೆಡೆ ಒಂದೂವರೆ ಲಕ್ಷಕ್ಕೂ ಮಿಕ್ಕ ಮನೆಗಳನ್ನು ಮಾಲೀಕರ ಕೈಯಿಂದಲೇ ಸರಿಪಡಿಸಿ ಬಲಪಡಿಸುವ ಸಂಕಲ್ಪ ಅದರದು. ಮಾಳಿಗೆಯ ಮೇಲಿನ ಮಣ್ಣನ್ನು ತೆಳುಮಾಡುವುದು, ದಪ್ಪಗೋಡೆಯ ಎರಡು ಮೈಗಳನ್ನು ಹಿಡಿದು ಕಟ್ಟುವಂತೆ ಆರಪಾರ ಕಲ್ಲುಗಳನ್ನು ಸೇರಿಸುವುದು, ಕಂಬಕ್ಕೂ ತೊಲೆಗೂ ಓರೆಯಾದ ಆಸರೆ ಕೊಡುವುದು, ಇವನ್ನು ಹಣದೊಡನೆಯೇ ಕಲಿಸಿಕೊಡಲಾಯಿತು. ಕಲ್ಲುಮಣ್ಣಿನ ಮನೆಯ ಮೇಲೆ ನಂಬಿಕೆ ಕಳೆದುಕೊಂಡ ಹಲವರು ಆ ಹಣದಿಂದ ಪಕ್ಕದಲ್ಲೊಂದು ಹೊಸ ಕೋಣೆ ಎಬ್ಬಿಸಿದರೆಂಬುದು ನಿಜ. ಕಣ್ಣೆದುರೇ ನೆರೆಹೊರೆ ಸಮಾಧಿಯಾದುದನ್ನು ಕಂಡವರನ್ನು ಅದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ವಿಶ್ವಾಸವನ್ನು ಮರಳಿ ಗಳಿಸುವುದಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಗಿತ್ತು.

ಕರ್ನಾಟಕವು 2019ರ ಆಗಸ್ಟ್ ತಿಂಗಳ ಪ್ರವಾಹದ ಬಳಿಕ ಕೇಂದ್ರದ ಮಾನದಂಡವನ್ನು ಮೀರಿ ಉದಾರವಾಯಿತು. ಮುಕ್ಕಾಲಿಗಿಂತ ಹೆಚ್ಚು ಹಾಳಾದ ‘ಎ’ ವರ್ಗದ ಮನೆಗೆ 5 ಲಕ್ಷ, ಶೇ. 25ರಿಂದ 75ರ ‘ಬಿ’ ವರ್ಗಕ್ಕೆ ಆರಂಭದಲ್ಲಿದ್ದ 1 ಲಕ್ಷವನ್ನು, ಕೆಡವಿ ಕಟ್ಟುವವರಿಗೆ 5 ಲಕ್ಷಕ್ಕೂ ದುರಸ್ತಿ ಮಾಡಿಕೊಳ್ಳುವವರಿಗೆ 3 ಲಕ್ಷಕ್ಕೂ ಏರಿಸಲಾಯಿತು. ‘ಸಿ’ ವರ್ಗಕ್ಕೆ 50,000. ದುರಸ್ತಿಗೆ 3 ಲಕ್ಷವೆಂಬುದು ನಿಸ್ಸಂದೇಹವಾಗಿ ಶ್ಲಾಘ್ಯ. ಆದರೆ ಉಳಿಸಿಕೊಂಡವನಿಗಿಂತ ಕೆಡವಿದವನಿಗೆ 2 ಲಕ್ಷ ಅಧಿಕ ದೊರೆಯುತ್ತಿದ್ದಾಗ, ಉಳಿಸಬಹುದಾದ ಗೋಡೆಗೂ ಹಾರೆ ಬೀಳುವ ಸಂಭವವಿತ್ತು. ಕಿಲ್ಲಾರಿಯಲ್ಲಿ ಹಣದೊಡನೆ ಹೋದ ಕುಶಲಜ್ಞಾನವು ಇಲ್ಲಿಯೂ ಪ್ರತಿ ಮನೆಯ ಹೊಸ್ತಿಲವರೆಗೆ ಹೋಗುವುದು ಅವಶ್ಯ. ಮುಂದಿನ ಮಾನದಂಡವನ್ನು ಬರೆಯುವವರು ನೀರಿಳಿದ ಒಂದೆರಡು ತಿಂಗಳ ತರುವಾಯ ಎರಡನೆಯ ಮಹಜರನ್ನು ಕಡ್ಡಾಯಗೊಳಿಸಿ, 6,500 ರೂಪಾಯಿಯ ಸ್ಥಾನದಲ್ಲಿ ಗೋಡೆಯೊಂದನ್ನು ನಿಜವಾಗಿ ಕಟ್ಟಿಸಲು ತಗಲುವ ವೆಚ್ಚವನ್ನು ನಮೂದಿಸಬೇಕು.